ಮಳೆಗಾಲದ ಟಾರ್ಚ್: ಡಬ್ಬಿ ಮೇಲಿನ ಐಪಿ ನಂಬರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಕಾಫಿ, ಹಳ್ಳದ ಪಕ್ಕ ಒಂದಿಷ್ಟು ಗದ್ದೆ. ಮಳೆಗಾಲದಲ್ಲಿ ರಾತ್ರಿ ಎರಡು ಮೂರು ಸಲ ಟಾರ್ಚ್ ಹಿಡಿದು ಹೊರಗೆ ಹೋಗಲೇಬೇಕು. ಹಳ್ಳ ಏರಿ ಪಂಪ್‌ಸೆಟ್ ಮುಳುಗಿತಾ ಅಂತ ಒಂದು ಸಲ, ಮರ ಬಿದ್ದು ಲೈನ್ ಹೋಯ್ತಾ ಅಂತ ಇನ್ನೊಂದು ಸಲ. ಆನೆ ಬಂದರಂತೂ ಕೇಳೋದೇ ಬೇಡ. ಹೋದ ವರ್ಷ 2,200 ರೂಪಾಯಿ ಕೊಟ್ಟು ಚಾರ್ಜ್ ಮಾಡುವ ಟಾರ್ಚ್ ತಗೊಂಡೆ. ಮುಂದಿನ ತಲೆ ಎಳೆದರೆ ಬೆಳಕು ದೂರ ಹೋಗುತ್ತೆ. ಡಬ್ಬಿ ಮೇಲೆ ‘ಐಪಿ 68, ವಾಟರ್‌ಪ್ರೂಫ್’ ಅಂತ ದಪ್ಪ ಅಕ್ಷರದಲ್ಲಿತ್ತು. ಈ ಜುಲೈನಲ್ಲಿ ಗಾಜಿನ ಒಳಗೆ ಮಂಜು ಕಟ್ಟಿತು. ವಾರ ಕಳೆಯುವಷ್ಟರಲ್ಲಿ ಹನಿ ನಿಂತಿತು. ಈಗ ಸ್ವಿಚ್ ಒತ್ತಿದರೆ ಮಿಣುಕುತ್ತೆ. ಒಂದು ಸಲವೂ ನೀರಿಗೆ ಬೀಳಿಸಿಲ್ಲ, ಬರೀ ಮಳೆ. ಅಂಗಡಿಯವರು ‘ನೀರು ಹೋದರೆ ವಾರಂಟಿ ಇಲ್ಲ’ ಅಂದರು. ವಾಟರ್‌ಪ್ರೂಫ್ ಅಂತ ಬರೆದು ನೀರಿಗೆ ವಾರಂಟಿ ಇಲ್ಲ ಅಂದರೆ ಏನರ್ಥ? ಪಕ್ಕದ ತೋಟದವರು ವ್ಯಾಸಲೀನ್ ಸವರಿ ಅಂತಾರೆ. ಮಗ ಡೈವಿಂಗ್ ಟಾರ್ಚ್ ತಗೋ ಅಂತಾನೆ. ಅಪ್ಪ ತಮ್ಮ ಹಳೇ ಮೂರು ಸೆಲ್ಲಿನ ಸ್ಟೀಲ್ ಬ್ಯಾಟ್ರಿನೇ ವಾಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರ ಬಂದ ದಿನ ನನ್ನ ಮೇಜಿನ ಮೇಲೆ ಇದೇ ಕಾಯಿಲೆಯ ಐದು ಟಾರ್ಚ್ ಇದ್ದವು. ಹಾಸನದಲ್ಲಿ ಟಾರ್ಚ್, ಎಮರ್ಜೆನ್ಸಿ ಲೈಟ್, ಸೋಲಾರ್ ದೀಪ ರಿಪೇರಿ ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಆರಿದ್ರಾ ಮಳೆ ಹಿಡಿಯಿತು ಅಂದ್ರೆ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ಗಾಜಿಗೆ ಮಂಜು ಕಟ್ಟಿದ ಟಾರ್ಚ್ ಬರೋಕೆ ಶುರು. ತಂದವರೆಲ್ಲ ಹೇಳೋದು ಒಂದೇ ಮಾತು: “ನೀರಿಗೆ ಹಾಕೇ ಇಲ್ಲ ಸಾರ್.” ಅವರು ಸುಳ್ಳು ಹೇಳುತ್ತಿಲ್ಲ. ಒಳ್ಳೆ ಕಂಪನಿಯ ಟಾರ್ಚ್ ಆದರೆ ಡಬ್ಬಿಯೂ ಸುಳ್ಳು ಹೇಳಿರುವುದಿಲ್ಲ. ಆದರೂ ನೀರು ಒಳಗಿದೆ. ಅದು ಹೇಗೆ ಬಂತು ಅಂತ ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತೆ.

ಮೊದಲು ಆ ನಂಬರ್. ಐಇಸಿ 60529 ಅಂತ ಒಂದು ಅಂತಾರಾಷ್ಟ್ರೀಯ ಮಾನದಂಡ ಇದೆ. ನಮ್ಮ ದೇಶದಲ್ಲೂ ಅದನ್ನೇ ಐಎಸ್/ಐಇಸಿ 60529 ಅಂತ ಇಟ್ಟುಕೊಂಡಿದ್ದಾರೆ. ಐಪಿ ನಂಬರ್ ಬರೋದು ಅಲ್ಲಿಂದ. ಮೊದಲ ಅಂಕಿ ಧೂಳಿಗೆ, 0ಯಿಂದ 6ರವರೆಗೆ. ಎರಡನೇ ಅಂಕಿ ನೀರಿಗೆ, 0ಯಿಂದ 9ರವರೆಗೆ. ಧೂಳಿನ ಅಂಕಿ ಹೇಳದಿದ್ದರೆ ಆ ಜಾಗದಲ್ಲಿ ಎಕ್ಸ್ ಹಾಕುತ್ತಾರೆ, ಐಪಿಎಕ್ಸ್ 7 ಅನ್ನೋ ಹಾಗೆ. ಎಕ್ಸ್ ಅಂದರೆ ‘ಎಕ್ಸ್‌ಟ್ರಾ’ ಅಂತ ತಿಳಿದು ಜಾಸ್ತಿ ದುಡ್ಡು ಕೊಟ್ಟವರನ್ನೂ ನೋಡಿದ್ದೇನೆ.

ತೋಟದವರಿಗೆ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತುತ್ತೆ. ಐಪಿಎಕ್ಸ್ 1 ಪರೀಕ್ಷೆಯಲ್ಲಿ ಮೇಲಿನಿಂದ ನಿಮಿಷಕ್ಕೆ 1 ಮಿಲಿಮೀಟರ್ ನೀರು ಹನಿಸುತ್ತಾರೆ. ಗಂಟೆಗೆ ಲೆಕ್ಕ ಹಾಕಿದರೆ 2 ಇಂಚು 36 ಸೆಂಟ್. ಐಪಿಎಕ್ಸ್ 2ರಲ್ಲಿ ನಿಮಿಷಕ್ಕೆ 3 ಮಿಲಿಮೀಟರ್, ಅಂದ್ರೆ ಗಂಟೆಗೆ ಏಳು ಇಂಚು. ಏಳು ಇಂಚು ಅಂದರೆ ಕೊಟ್ಟಿಗೆಹಾರದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆದರೆ ಈ ಪರೀಕ್ಷೆ ನಡೆಯೋದು ಬರೀ ಹತ್ತು ನಿಮಿಷ. ನಮ್ಮ ಮಳೆ ಸಂಜೆ ಹಿಡಿದರೆ ಬೆಳಗಿನವರೆಗೆ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ. ಈ ವ್ಯತ್ಯಾಸ ನೆನಪಿರಲಿ.

4 ಅಂದರೆ ಎಲ್ಲ ಕಡೆಯಿಂದ ನೀರು ಎರಚಿದರೂ ತಡೆಯುತ್ತೆ ಅಂತ. 5ರಲ್ಲಿ 6.3 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಹೊಡೆಯುತ್ತಾರೆ. 6ರಲ್ಲಿ ನಳಿಕೆ 12.5 ಮಿಲಿಮೀಟರ್, ನಿಮಿಷಕ್ಕೆ 100 ಲೀಟರ್. ಎರಡನ್ನೂ ಎರಡೂವರೆಯಿಂದ ಮೂರು ಮೀಟರ್ ದೂರದಿಂದ, ಕಡಿಮೆ ಅಂದರೆ ಮೂರು ನಿಮಿಷ. ಹೂವಿಗೆ ನೀರು ಹೊಡೆಯುವಾಗ ಸ್ಪ್ರಿಂಕ್ಲರ್ ಜೆಟ್ಟನ್ನು ಎದೆಗೆ ಹೊಡೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 7 ಅಂದರೆ ನಿಂತ ನೀರಿನಲ್ಲಿ ಒಂದು ಮೀಟರ್ ಆಳ, ಅರ್ಧ ಗಂಟೆ. 8 ಅಂದರೆ ಅದಕ್ಕಿಂತ ಕಷ್ಟದ ಪರೀಕ್ಷೆ. ಆದರೆ ಎಷ್ಟು ಆಳ, ಎಷ್ಟು ಹೊತ್ತು ಅನ್ನೋದು ಮಾನದಂಡದಲ್ಲಿ ಗೊತ್ತು ಮಾಡಿಲ್ಲ. ತಯಾರಿಸಿದವರೇ ಹೇಳಬೇಕು. ಹಾಗಾಗಿ ‘ಐಪಿ 68’ ಅಂತ ಬರೆದು ಪಕ್ಕದಲ್ಲಿ ಮೀಟರ್ ಎಷ್ಟು ಅಂತ ಇಲ್ಲದಿದ್ದರೆ ಅದು ಅರ್ಧ ಮಾತು. ನಿಮ್ಮ ಡಬ್ಬಿ ತೆಗೆದು ನೋಡಿ, ಮೀಟರ್ ಇದೆಯಾ?

ಎಲ್ಲರೂ ಮಾಡುವ ತಪ್ಪು ಒಂದಿದೆ. 8 ಅನ್ನೋದು 6ಕ್ಕಿಂತ ದೊಡ್ಡದು, ಹಾಗಾಗಿ 6ರಲ್ಲಿ ಪಾಸಾಗೋದು ಇದರಲ್ಲೂ ಸೇರಿದೆ ಅಂದುಕೊಳ್ಳೋದು. 6ರವರೆಗೆ ಅದು ಸರಿ. 7 ಮತ್ತು 8 ಬೇರೆ ಜಾತಿಯ ಪರೀಕ್ಷೆ. ಈಜು ಬಂದವನಿಗೆ ಮರ ಹತ್ತೋಕೂ ಬರುತ್ತೆ ಅಂತ ಏನಿಲ್ಲ ಅಲ್ವಾ? ನಿಂತ ನೀರು ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತೆ. ರಬ್ಬರನ್ನು ಅದರ ಜಾಗಕ್ಕೇ ಇನ್ನಷ್ಟು ಕೂರಿಸುತ್ತೆ. ಜೆಟ್ ಹಾಗಲ್ಲ, ಒಂದು ಮೂಲೆಗೆ ಬಡಿದು ರಬ್ಬರಿನ ತುಟಿ ಎಬ್ಬಿಸುತ್ತೆ. ಎರಡರಲ್ಲೂ ಪಾಸಾದ ಟಾರ್ಚ್ ಆದರೆ ಕಂಪನಿಯವರು ಎರಡನ್ನೂ ಬರೆಯುತ್ತಾರೆ, ಐಪಿ 66 ಮತ್ತು ಐಪಿ 68 ಅಂತ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯಲ್ಲಿ ಪೈಪ್ ಹಿಡಿದು ಟಾರ್ಚಿನ ಕೆಸರು ತೊಳೆಯುವ ಅಭ್ಯಾಸ ಇದ್ದರೆ 68ರ ಜೊತೆ ಐಪಿ 66 ಅಂತಲೂ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಈಗ ನಿಮ್ಮ ಟಾರ್ಚಿಗೆ ಬರೋಣ. ನನಗೇ ಆದ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಶಿರಾಡಿ ಘಾಟಿಯಲ್ಲಿ ರಾತ್ರಿ ನಮ್ಮ ಕಾರು ಕೆಟ್ಟು ನಿಂತಿತು. ಹೊರಗೆ ಹನಿ ಕಡಿಯದ ಮಳೆ. ಟಾರ್ಚನ್ನು ಪೂರ್ತಿ ಬೆಳಕಿಗೆ ಇಟ್ಟು ಬಾನೆಟ್ ಒಳಗೆ ಹಿಡಿದಿದ್ದೆ. ಇಪ್ಪತ್ತು ನಿಮಿಷಕ್ಕೆ ಅದರ ತಲೆ ಕೈ ಸುಡುವಷ್ಟಾಯಿತು. ರಸ್ತೆ ಪಕ್ಕದ ಮೋರಿಯಲ್ಲಿ ನೀರು ಹರಿಯುತ್ತಿತ್ತಲ್ಲ, ತಣ್ಣಗಾಗಲಿ ಅಂತ ಒಂದು ಸಲ ಅದ್ದಿ ತೆಗೆದೆ. ‘ಚುಂಯ್’ ಅಂದಿತು. ಐದೇ ನಿಮಿಷ, ಗಾಜಿನ ಒಳಗಡೆ ಸಾಸಿವೆ ಕಾಳಿನಂಥ ಹನಿ! ಟಾರ್ಚ್ ರಿಪೇರಿ ಮಾಡುವವನೇ ಹೀಗೆ ಮಾಡಿದ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ.

ಆಗಿದ್ದು ಏನು? ಟಾರ್ಚ್ ಒಳಗೆ ಒಂದಷ್ಟು ಗಾಳಿ ಇರುತ್ತೆ. ಬಿಸಿಯಾದಾಗ ಅದು ಹಿಗ್ಗಿ ರಬ್ಬರಿನ ಸಂದಿಯಿಂದ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತೆ. ಆಮೇಲೆ ತಟ್ಟನೆ ತಣ್ಣಗಾದರೆ ಒಳಗೆ ಒತ್ತಡ ಇಳಿಯುತ್ತೆ, ಟಾರ್ಚ್ ಹೊರಗಿನದ್ದನ್ನು ಒಳಕ್ಕೆ ಹೀರುತ್ತೆ. ಒಳಗಿನ ಗಾಳಿ 60 ಡಿಗ್ರಿಯಿಂದ 20 ಡಿಗ್ರಿಗೆ ಇಳಿದರೆ ಒತ್ತಡ ಸುಮಾರು ನೂರಕ್ಕೆ ಹನ್ನೆರಡರಷ್ಟು ಕಡಿಮೆಯಾಗುತ್ತೆ. ಅದು 1.2 ಮೀಟರ್ ಆಳದ ನೀರು ಒತ್ತಿದ್ದಕ್ಕೆ ಸಮ. ಅಂದರೆ ಬಿಸಿ ಟಾರ್ಚ್ ಮೇಲೆ ತಣ್ಣನೆ ಮಳೆ ಸುರಿಯುವಾಗ, ನೀವು ನೆಲದ ಮೇಲೆ ನಿಂತಿದ್ದರೂ ಟಾರ್ಚಿನ ಪಾಲಿಗೆ ಅದು ಐಪಿಎಕ್ಸ್ 7ರ ಆಳ. ಪರೀಕ್ಷೆಯಲ್ಲಿ ಹೀಗಾಗಲ್ಲ. ಐಪಿಎಕ್ಸ್ 7ರ ನಿಯಮದಲ್ಲೇ ಇದೆ, ನೀರಿಗೂ ವಸ್ತುವಿಗೂ 5 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ. ಹೊಸ ಟಾರ್ಚ್, ತಣ್ಣಗಿರುವ ಟಾರ್ಚ್, ಎಲ್ಲ ಮುಚ್ಚಳ ಬಿಗಿಯಾಗಿರುವ ಟಾರ್ಚ್, ತಿಳಿ ನೀರು. ಆ ನಂಬರ್ ಸಿಕ್ಕಿದ್ದು ಆ ಸ್ಥಿತಿಯಲ್ಲಿ.

ಹಾಗಂತ ಮಂಜು ಕಟ್ಟಿದ ಕೂಡಲೇ ಸೋರಿದೆ ಅಂತ ತೀರ್ಮಾನ ಮಾಡಬೇಡಿ. ಜುಲೈನಲ್ಲಿ ನಮ್ಮ ಕಡೆ ಉಪ್ಪಿನ ಡಬ್ಬಿ ನೀರಾಗುತ್ತೆ, ಕನ್ನಡಕ ಬೆವರುತ್ತೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತೆ. ಅಂಥ ಗಾಳಿಯಲ್ಲಿ ಮುಚ್ಚಳ ತೆಗೆದು ಸೆಲ್ ಬದಲಿಸಿದರೆ ಆ ಥಂಡಿ ಗಾಳಿಯೇ ಒಳಗೆ ಬಂದಿಯಾಗುತ್ತೆ. ಹೊರಗೆ ಹೋದಾಗ ಗಾಜು ತಣ್ಣಗಾಗಿ ಮಂಜು ಕಟ್ಟುತ್ತೆ. ಟಾರ್ಚ್ ಹಚ್ಚಿ ಐದು ನಿಮಿಷಕ್ಕೆ ಮಂಜು ತಾನಾಗೇ ಹೋದರೆ ಅದು ಬರೀ ಥಂಡಿ. ಹನಿ ಕೂಡಿ ಗಾಜಿನ ಅಂಚಿಗೆ ಇಳಿದು ನಿಂತರೆ, ಅದು ಸೋರಿಕೆ. ನಿಮ್ಮದರಲ್ಲಿ ಮೊದಲು ಮಂಜು, ಆಮೇಲೆ ಹನಿ. ಈಗ ಮಿಣುಕುತ್ತಿದೆ ಅಂದರೆ ಸ್ವಿಚ್ಚಿಗೋ ಸರ್ಕ್ಯೂಟಿಗೋ ತಲುಪಿದೆ.

ಎಲ್ಲಿಂದ ಹೋಗಿರಬಹುದು? ನನ್ನ ಮೊದಲ ಅನುಮಾನ ನೀವೇ ಬರೆದಿರುವ ಒಂದು ಮಾತಿನ ಮೇಲೆ, ತಲೆ ಎಳೆದರೆ ಬೆಳಕು ದೂರ ಹೋಗುತ್ತೆ ಅಂದಿರಲ್ಲ. ಈ ಝೂಮ್ ಟಾರ್ಚ್ ಸೈಕಲ್ ಪಂಪಿನ ಥರ. ತಲೆ ಮುಂದೆ ಎಳೆದಾಗ ಒಳಗೆ ಜಾಗ ಜಾಸ್ತಿಯಾಗಿ ಗಾಳಿ ಒಳಕ್ಕೆ, ಹಿಂದೆ ತಳ್ಳಿದಾಗ ಹೊರಕ್ಕೆ. ಆ ಸಂದಿಯಲ್ಲಿ ಮಳೆ ನೀರಿದ್ದರೆ ಗಾಳಿ ಜೊತೆ ಅದೂ ಒಳಕ್ಕೆ. ಪೂರ್ತಿ ಬಿಗಿ ಮಾಡಿದರೆ ತಲೆ ಜಾರೋದೇ ಇಲ್ಲ, ಸಡಿಲ ಬಿಟ್ಟರೆ ನೀರು. ಹಾಗಾಗಿ ಜಾರುವ ತಲೆಯ ಕಡಿಮೆ ಬೆಲೆ ಟಾರ್ಚ್ ಮೇಲೆ ಐಪಿ 68 ಅಂತ ಬರೆದಿದ್ದರೆ ನಾನು ನಂಬೋದಿಲ್ಲ. ಈ ನಂಬರನ್ನು ಕಂಪನಿಯವರು ತಾವೇ ಘೋಷಿಸಿಕೊಳ್ಳಬಹುದು. ಒಳ್ಳೆಯವರು ಲ್ಯಾಬ್‌ನಲ್ಲಿ ಮಾಡಿಸುತ್ತಾರೆ, ಉಳಿದವರು ಪ್ರಿಂಟಿಂಗ್ ಪ್ರೆಸ್‌ನಲ್ಲಿ. ಸೆಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಇದೆಯಲ್ಲ ಅಂತ ಕೆಲವರು ತೋರಿಸುತ್ತಾರೆ. ಅದು ಸೆಲ್ಲಿನ ಸುರಕ್ಷತೆಗೆ ಕೊಟ್ಟಿದ್ದು, ಟಾರ್ಚಿಗೆ ನೀರು ಹೋಗುತ್ತಾ ಇಲ್ವಾ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎರಡನೇ ಅನುಮಾನ ಚಾರ್ಜ್ ಮಾಡುವ ತೂತಿನ ರಬ್ಬರ್ ಮುಚ್ಚಳ. ಉಗುರಿನಷ್ಟು ರಬ್ಬರ್, ದಿನಾ ಎಬ್ಬಿಸಿ ಮುಚ್ಚಿ ಅದರ ಕುತ್ತಿಗೆ ಸಡಿಲ ಆಗಿರುತ್ತೆ. ಬೆರಳಲ್ಲಿ ಒತ್ತಿದಾಗ ಕೂತ ಹಾಗೆ ಕಾಣುತ್ತೆ, ಜೇಬಿಗೆ ಹಾಕುವಾಗ ಒಂದು ಮೂಲೆ ಎದ್ದಿರುತ್ತೆ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಇದನ್ನು ಯಾರು ನೋಡುತ್ತಾರೆ? ಒದ್ದೆ ತೂತಿಗೆ ಚಾರ್ಜರ್ ಚುಚ್ಚಿದರೆ ಇನ್ನೂ ಕೆಟ್ಟದು. ನೀರಿದ್ದಲ್ಲಿ ಕರೆಂಟ್ ಹರಿದು ಪಿನ್ನುಗಳು ಒಂದೆರಡು ವಾರದಲ್ಲಿ ಹಸಿರು ಕಟ್ಟುತ್ತವೆ. ಮೂರನೆಯದು ಸ್ವಿಚ್ ಮೇಲಿನ ರಬ್ಬರ್ ಟೋಪಿ. ಅದಕ್ಕೆ ಬಿರುಕು, ಕೆಲವೊಮ್ಮೆ ಇಲಿ ಹಲ್ಲಿನ ಗುರುತು. ತಮಾಷೆ ಅಲ್ಲ, ತೋಟದ ಕೆಲಸದವರ ಲೈನ್ ಮನೆಗಳಿಂದ ಬರುವ ಟಾರ್ಚಿನಲ್ಲಿ ನೋಡಿದ್ದೇನೆ. ಕೊನೆಗೆ ಹಿಂದಿನ ಮುಚ್ಚಳದ ಥ್ರೆಡ್ಡಿನಲ್ಲಿ ಕೂರುವ ಓ ರಿಂಗ್, ಅಂದರೆ ನೀರು ತಡೆಯುವ ರಬ್ಬರ್ ಬಳೆ. ಒಂದು ಕೂದಲು, ಒಂದು ಮರಳು ಕಾಳು ಸಾಕು ಅದು ಸೋಲೋಕೆ.

ವ್ಯಾಸಲೀನ್ ವಿಷಯ. ನಿಮ್ಮ ಪಕ್ಕದ ತೋಟದವರು ಅರ್ಧ ಸರಿ. ಒಣಗಿದ ಓ ರಿಂಗ್ ಮುಚ್ಚಳ ತಿರುಗಿಸುವಾಗ ಹೊರಳಿಕೊಂಡು ಹರಿಯುತ್ತೆ, ಹಾಗಾಗಿ ಜಿಡ್ಡು ಬೇಕೇ ಬೇಕು. ಆದರೆ ಯಾವ ಜಿಡ್ಡು? ನೈಟ್ರೈಲ್ ರಬ್ಬರ್ ಪೆಟ್ರೋಲಿಯಂ ಜಿಡ್ಡನ್ನು ತಡೆದುಕೊಳ್ಳುತ್ತೆ. ಇಪಿಡಿಎಂ ಅನ್ನೋ ರಬ್ಬರ್ ಅದಕ್ಕೆ ಊದಿಕೊಂಡು ಮೆತ್ತಗಾಗುತ್ತೆ. ನೋಡೋಕೆ ಎರಡೂ ಕಪ್ಪು. ಸಿಲಿಕೋನ್ ಗ್ರೀಸ್ ಈ ಎರಡಕ್ಕೂ ಆಗುತ್ತೆ. ಸಣ್ಣ ಟ್ಯೂಬ್ ತಂದರೆ ನಾಲ್ಕೈದು ಮಳೆಗಾಲ ಬರುತ್ತೆ. ಓ ರಿಂಗೇ ಸಿಲಿಕೋನಿನದ್ದಾಗಿದ್ದರೆ ಮಾತ್ರ ಸಿಲಿಕೋನ್ ಗ್ರೀಸ್ ಬೇಡ. ಅಂಥವು ಸಾಮಾನ್ಯವಾಗಿ ಕೆಂಪು ಅಥವಾ ಬೆಳ್ಳಗಿರುತ್ತವೆ. ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತೆ, ನಮ್ಮ ಮಳೆಗಾಲದ ರಾತ್ರಿ ಅಂದರೆ ಅಷ್ಟೇ. ಜೊತೆಗೆ ಇರುವೆ ಬರುತ್ತೆ. ಯಾವುದೇ ಗ್ರೀಸ್ ಆಗಲಿ, ರಿಂಗ್ ಹೊಳೆಯುವಷ್ಟು ಸಾಕು. ಮೆತ್ತಿದರೆ ಕಸ ಹಿಡಿದುಕೊಳ್ಳುತ್ತೆ.

ಡೈವಿಂಗ್ ಟಾರ್ಚ್ ಬಗ್ಗೆ ನಿಮ್ಮ ಮಗ ಹೇಳಿದ್ದರಲ್ಲಿ ನೀರಿನ ಮಟ್ಟಿಗೆ ತಪ್ಪಿಲ್ಲ. ಹತ್ತಾರು ಮೀಟರ್ ಆಳಕ್ಕೆ ಮಾಡಿದ ವಸ್ತು, ಎರಡು ಓ ರಿಂಗ್, ಕೆಲವದರಲ್ಲಿ ಸ್ವಿಚ್ಚೂ ಆಯಸ್ಕಾಂತದ್ದು, ತೂತೇ ಇರಲ್ಲ. ತೊಂದರೆ ಬೇರೆ ಕಡೆ ಇದೆ. ಎಷ್ಟೋ ಡೈವಿಂಗ್ ಟಾರ್ಚ್‌ಗಳು ಸುತ್ತಲಿನ ನೀರಿನಿಂದಲೇ ತಣ್ಣಗಾಗುವ ಲೆಕ್ಕದಲ್ಲಿ ಮಾಡಿದಂಥವು. ಗಾಳಿಯಲ್ಲಿ ಪೂರ್ತಿ ಬೆಳಕಿಗೆ ಹಚ್ಚಿಟ್ಟರೆ ಬೇಗ ಕಾಯುತ್ತವೆ. ತೋಟ ಸುತ್ತೋಕೆ ಅಷ್ಟು ದುಡ್ಡು ಸುರಿಯೋದು ಸುಮ್ನೆ ದಂಡ.

ನಿಮ್ಮ ಅಪ್ಪನ ಮಾತನ್ನು ನಾನು ತಳ್ಳಿಹಾಕಲ್ಲ. ಆ ಸ್ಟೀಲ್ ಬ್ಯಾಟ್ರಿಗೆ ಐಪಿಯೂ ಇರಲಿಲ್ಲ, ಗಿಪಿಯೂ ಇರಲಿಲ್ಲ. ನೀರು ಧಾರಾಳವಾಗಿ ಒಳಗೆ ಹೋಗುತ್ತಿತ್ತು. ಆದರೆ ಒಳಗೆ ಇದ್ದದ್ದು ಮೂರು ಸೆಲ್, ಒಂದು ಬಲ್ಬ್, ಒಂದು ಹಿತ್ತಾಳೆ ಪಟ್ಟಿ. ಮುಚ್ಚಳ ಬಿಚ್ಚಿ ನೀರು ಕೊಡವಿ ಪಂಚೆಯಲ್ಲಿ ಒರೆಸಿದರೆ ಮತ್ತೆ ಉರಿಯುತ್ತಿತ್ತು. ಈಗಿನದ್ದರಲ್ಲಿ ಎಲ್‌ಇಡಿ ನಡೆಸೋಕೆ ಒಂದು ಸಣ್ಣ ಸರ್ಕ್ಯೂಟ್, ಚಾರ್ಜಿಗೆ ಇನ್ನೊಂದು. ಹನಿ ನೀರು ಅಲ್ಲಿ ನಿಂತರೆ ಮುಗೀತು. ಹಳೆಯದು ನೆನೆದರೂ ಬದುಕುತ್ತಿತ್ತು, ಹೊಸದು ನೆನೆಯದಿದ್ದರೆ ಮಾತ್ರ ಬದುಕುತ್ತೆ. ಆದರೆ ಕಾಡಂಚಿನಲ್ಲಿ ಆನೆ ನಿಂತಿದೆಯಾ ಅಂತ ನೂರು ಮೀಟರ್ ಆಚೆಗೆ ನೋಡೋಕೆ ಆ ಹಳದಿ ಬೆಳಕು ಸಾಲದು, ಅದು ಅಪ್ಪನಿಗೂ ಗೊತ್ತಿರುತ್ತೆ.

ಈಗ ಕೈಯಲ್ಲಿರುವ ಟಾರ್ಚಿಗೆ ಏನು ಮಾಡಬೇಕು? ಮೊದಲನೆಯದಾಗಿ ಚಾರ್ಜಿಗೆ ಹಾಕಬೇಡಿ. ಸೆಲ್ ಬಿಚ್ಚೋಕೆ ಬರುವಂಥದ್ದಾದರೆ ಹೊರಗೆ ತೆಗೆಯಿರಿ. ಅದರ ಮೇಲೆ ತುಕ್ಕು, ಉಬ್ಬು ಅಥವಾ ಹರಿದ ಪ್ಲಾಸ್ಟಿಕ್ ಕಂಡರೆ ಮತ್ತೆ ಬಳಸಬೇಡಿ. ಒಣಗಲಿ ಅಂತ ಬಚ್ಚಲ ಒಲೆ ಕಟ್ಟೆ ಮೇಲೋ, ಒಲೆ ಮೇಲಿನ ಅಟ್ಟದಲ್ಲೋ ಇಡುವ ಅಭ್ಯಾಸ ನಮ್ಮ ಕಡೆ ಇದೆ. ಸೆಲ್ ಒಳಗಿರುವಾಗ ಖಂಡಿತ ಬೇಡ. ಲಿಥಿಯಂ ಸೆಲ್ಲಿಗೆ 60 ಡಿಗ್ರಿ ದಾಟಿದ ಶಾಖ ಅಪಾಯ. ಅಕ್ಕಿ ಡಬ್ಬಿಯಲ್ಲಿ ಹೂತಿಡೋದೂ ಬೇಡ, ಅಕ್ಕಿ ಹೀರುವ ನೀರು ಅಷ್ಟಕ್ಕಷ್ಟೆ, ಅದರ ಹಿಟ್ಟು ಮಾತ್ರ ಥ್ರೆಡ್ಡಿಗೆ ಹತ್ತುತ್ತೆ. ಬಿಚ್ಚಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ.

ಒಣಗಿದ ಮೇಲೆ ಎಲ್ಲಿ ಸೋರುತ್ತೆ ಅಂತ ಮನೆಯಲ್ಲೇ ನೋಡಬಹುದು. ನಾನು ಮಾಡೋದು ಹೀಗೆ. ಸೆಲ್ ತೆಗೆದು, ಎಲ್ಲ ಮುಚ್ಚಳ ಬಿಗಿ ಮಾಡಿ, ಸ್ನಾನಕ್ಕೆ ಹದವಾದ ಬಿಸಿ ನೀರಿನಲ್ಲಿ ತಣ್ಣಗಿರುವ ಟಾರ್ಚನ್ನು ಪೂರ್ತಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ ಹೊರಬರೋಕೆ ನೋಡುತ್ತೆ. ಮೊದಲು ಮೈಗೆ ಅಂಟಿದ ಗುಳ್ಳೆಗಳನ್ನು ಬೆರಳಲ್ಲಿ ಸವರಿ ಬಿಡಿ. ಆಮೇಲೂ ಒಂದೇ ಜಾಗದಿಂದ ಒಂದರ ಹಿಂದೆ ಒಂದು ಗುಳ್ಳೆ ಏಳುತ್ತಿದ್ದರೆ ತೂತು ಅಲ್ಲೇ. ಅರ್ಧ ನಿಮಿಷದಲ್ಲಿ ಹೊರಗೆ ತೆಗೆಯಿರಿ. ನೀರಿನಲ್ಲೇ ತಣ್ಣಗಾಗೋಕೆ ಬಿಟ್ಟರೆ ಮೊದಲು ಹೇಳಿದ ಹಾಗೆ ಹೀರಿಕೊಳ್ಳುತ್ತೆ. ಗುಳ್ಳೆ ಹಿಂದಿನ ಮುಚ್ಚಳದಿಂದ ಬಂದರೆ ಓ ರಿಂಗ್ ಬದಲಿಸಿ, ಕೆಲವೇ ರೂಪಾಯಿಯ ಕೆಲಸ. ಸ್ವಿಚ್ ಟೋಪಿಯಾದರೆ ಅದೂ ಸಿಗುತ್ತೆ. ಜಾರುವ ತಲೆಯಿಂದ ಬಂದರೆ ದುಡ್ಡು ಹಾಕಬೇಡಿ. ಕಣ, ಕೊಟ್ಟಿಗೆ, ಮನೆ ಒಳಗಿನ ಕೆಲಸಕ್ಕೆ ಇಟ್ಟುಕೊಳ್ಳಿ.

ವಾರಂಟಿ ಬಗ್ಗೆ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದೇ. ನೀವು ತೂತಿನ ಮುಚ್ಚಳ ಮುಚ್ಚಿದ್ದಿರಾ ಇಲ್ವಾ ಅಂತ ಕಂಪನಿಗೆ ಗೊತ್ತಾಗಲ್ಲ, ಹಾಗಾಗಿ ನೀರನ್ನೇ ವಾರಂಟಿಯಿಂದ ಹೊರಗಿಡುತ್ತಾರೆ. ಆದರೆ ಡಬ್ಬಿ ಮೇಲೆ ಐಪಿ 68 ಅಂತ ಹಾಕಿ ಮಳೆಗೇ ಸೋತರೆ ಅದು ತಪ್ಪು ಮಾಹಿತಿ ಕೊಟ್ಟು ಮಾರಿದ ಹಾಗೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ಡಬ್ಬಿ, ಬಿಲ್ಲು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ಲಿಲ್ಲದೆ ಕೊಂಡಿದ್ದರೆ ವಾದ ಮಾಡೋದು ಕಷ್ಟ.

ಹೊಸದು ತಗೊಳ್ಳೋದಾದರೆ ನನ್ನ ಅಭಿಪ್ರಾಯ ಇಷ್ಟು. ಝೂಮ್ ಬೇಡ. ಮೀಟರ್ ಬರೆದಿರುವ ಐಪಿಎಕ್ಸ್ 8, ಅದರ ಜೊತೆ 6 ಅಂತಲೂ ಇದ್ದರೆ ಇನ್ನೂ ಒಳ್ಳೇದು. ಡಬ್ಬಿಯಲ್ಲಿ ಅಮೆರಿಕದ ಎಫ್‌ಎಲ್ 1 ಮಾನದಂಡದ ಚಿತ್ರಗಳಿದ್ದರೆ ಗಮನಿಸಿ, ನೀರಿನ ಹನಿ ಒಂದು, ಕೆಳಗೆ ಬೀಳುವ ಟಾರ್ಚ್ ಒಂದು. 2009ರಲ್ಲಿ ಬಂದ ಈ ಮಾನದಂಡದಲ್ಲಿ ಒಂದು ಜಾಣತನ ಇದೆ. ಟಾರ್ಚನ್ನು ಮೊದಲು ಕಾಂಕ್ರೀಟ್ ಮೇಲೆ ಬೀಳಿಸಿ, ಆಮೇಲೆ ಅದೇ ಟಾರ್ಚನ್ನು ನೀರಿನ ಪರೀಕ್ಷೆಗೆ ಒಡ್ಡುತ್ತಾರೆ. ನಮ್ಮ ಬಳಕೆಗೆ ಹತ್ತಿರದ್ದು ಅಂದರೆ ಅದೇ.

ಚಾರ್ಜ್ ತೂತಿಲ್ಲದೆ ಸೆಲ್ ಹೊರಗೆ ತೆಗೆದು ಬೇರೆ ಚಾರ್ಜರಿನಲ್ಲಿ ಹಾಕುವಂಥದ್ದು ನನಗೆ ಇಷ್ಟ. ಆದರೆ ಅದರಲ್ಲೂ ಅಪಾಯ ಇಲ್ಲ ಅಂತಲ್ಲ. ಪ್ರತಿ ಸಲ ಹಿಂದಿನ ಮುಚ್ಚಳ ಬಿಚ್ಚಬೇಕು, ಓ ರಿಂಗ್ ಬೇಗ ಸವೆಯುತ್ತೆ, ಕೆಸರು ಕೈಯಲ್ಲಿ ಬಿಚ್ಚಿದರೆ ಮರಳು ಸೇರುತ್ತೆ. ಒಳಗಡೆ, ಒಣ ಕೈಯಲ್ಲಿ, ಒರೆಸಿದ ಮೇಲೆ ಬಿಚ್ಚುವ ತಾಳ್ಮೆ ಇದ್ದರೆ ಅದು. ಇಲ್ಲದಿದ್ದರೆ ತೂತಿರುವುದನ್ನೇ ತಗೊಂಡು ಮುಚ್ಚಳ ಕೂತಿದೆಯಾ ಅಂತ ಹೊಸ್ತಿಲು ದಾಟುವ ಮೊದಲು ಬೆರಳಾಡಿಸಿ. ಗದ್ದೆ ಬದುವಿನ ಮೇಲೆ ಓಡಾಡೋಕೆ ಟೋಪಿ ಕೆಳಗೆ ಕಟ್ಟುವ ಐಪಿಎಕ್ಸ್ 4ರ ತಲೆ ಟಾರ್ಚೂ ಸಾಕು. ದೊಡ್ಡದನ್ನು ಪೂರ್ತಿ ಬೆಳಕಿಗೆ ಹತ್ತು ಹದಿನೈದು ಸೆಕೆಂಡ್ ಹೊಡೆದು ನೋಡಿ, ಮತ್ತೆ ಇಳಿಸಿ. ಬಿಸಿಯೂ ಆಗಲ್ಲ, ಚಾರ್ಜೂ ಉಳಿಯುತ್ತೆ.

ಹಾಸನಕ್ಕೆ ಬರುವುದಿದ್ದರೆ ಟಾರ್ಚ್ ತನ್ನಿ, ನೋಡೋಣ. ಹರಿದ ಓ ರಿಂಗ್ ಸಿಕ್ಕರೆ ಎಸೆಯಬೇಡಿ, ಒಂದು ಚೀಟಿಯಲ್ಲಿ ಸುತ್ತಿ ಜೊತೆಗೇ ತನ್ನಿ. ಅದರ ಅಳತೆ ಇಲ್ಲದೆ ಹೊಸದು ಹುಡುಕೋದು ನನಗೂ ಕಷ್ಟ.